ಹಾರ್ಡ್‌ಡಿಸ್ಕ್ ಹೋತೇನ್ರಿ, ಇಲ್ಲ ಬರೇ ಕೇಬಲ್ಲಾ?

ಗಂಗಾವತಿ_ಮಿಲ್:
ಎಲ್ಲಾರ್ಗೂ ನಮಸ್ಕಾರ್ರೀ. ನಮ್ಮ ರೈಸ್ ಮಿಲ್ಲಿನ ಆಫೀಸಿನ್ಯಾಗ ಒಂದು ಹಳೇ ಡೆಸ್ಕ್‌ಟಾಪ್ ಐತಿ, ಉಬುಂಟು 22.04 (ಲಿನಕ್ಸ್) ಹಾಕೈತಿ, ಬಿಲ್ಲು, ವೇಬ್ರಿಡ್ಜ್ ತೂಕ ಎಲ್ಲಾ ಅದರಾಗ. ಹದಿನೈದು ದಿನದಿಂದ ನಡನಡಕ ಹ್ಯಾಂಗ್ ಆಗಾಕತ್ತೈತಿ, ಡಿಮೆಸೇಜ್ (ಸಿಸ್ಟಮ್ಮಿನ ಒಳಗಿನ ಸಂದೇಶ ತೋರ್ಸೂ ಕಮಾಂಡ್) ಹೊಡದ್ರ ಸಾಲ್‌ಸಾಲು ಎರರ್, 'ಎಟಿಎ1.00: ಫೇಲ್ಡ್ ಕಮಾಂಡ್: ರೀಡ್ ಎಫ್‌ಪಿಡಿಎಂಎ ಕ್ಯೂಡ್' ಅಂತ, ಅದರ ಜೋಡಿ ಆರ್8169 (ನೆಟ್‌ವರ್ಕ್ ಕಾರ್ಡಿನ ಡ್ರೈವರ್) 'ಲಿಂಕ್ ಈಸ್ ಡೌನ್' ಅಂತ ನೆಟ್ಟೂ ಹೋಗಿ ಬಂದು ಮಾಡತೈತಿ. ಅಂಗಡ್ಯಾವ್ರು ಡಬ್ಬಿ ಸೈತ ಬಿಚ್ಚಲಾರ್ದ ಡಿಸ್ಕ್ ಹೋಗೈತಿ ಹೊಸಾದು ಹಾಕಸ್ರಿ ಅಂದ್ರು, ಸಾವ್ಕಾರ್ರು ನನ್ನ ಮಾರಿ ನೋಡಾಕತ್ತಾರ. ಖರೇನ ಹೋಗೈತೇನ್ರಿ?

ರಾಯಚೂರು_ಬಿಸಲು:
ಮೊದ್ಲು ಬಿಲ್ಲಿನ ಡೇಟಾ ಪೆನ್‌ಡ್ರೈವ್‌ಗೆ ತಕ್ಕೊಳ್ರಿ, ಆಮ್ಯಾಲ ಮಾತು. ನೀವು ಹಾಕಿದ ಗೆರಿ ಕೆಳಗ 'ಎರರ್' ಅಂತ ಇನ್ನೊಂದು ಗೆರಿ ಇರತೈತಿ, ಅದ ಮುಖ್ಯ. ಯುಎನ್‌ಸಿ ಅಂತಿದ್ರ ಡಿಸ್ಕಿಗೆ ತನ್ನ ಸೆಕ್ಟರ್ ಓದಾಕ ಬರವಲ್ದು, ಐಸಿಆರ್‌ಸಿ ಅಂತಿದ್ರ ಡಿಸ್ಕಿಗೂ ಬೋರ್ಡಿಗೂ ನಡುವ ದಾರ್ಯಾಗ ಡೇಟಾ ಕೆಡಾಕತ್ತೈತಿ. ಸ್ಮಾರ್ಟ್‌ಮಾನ್‌ಟೂಲ್ಸ್ ಅಂತ ಡಿಸ್ಕಿನ ಆರೋಗ್ಯ ನೋಡೂ ಸಾಫ್ಟ್‌ವೇರ್ ಹಾಕಿ, ಅದರಾಗಿನ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಓಡ್ಸಿ 5, 197, 199 ಈ ಮೂರು ನಂಬರಿನ ಸಾಲಿನ ಕೊನೇ ಕಾಲಂ ಏನೈತಿ ಹೇಳ್ರಿ.

ಗಂಗಾವತಿ_ಮಿಲ್:
ಐಸಿಆರ್‌ಸಿ ಎಬಿಆರ್‌ಟಿ ಅಂತೈತ್ರಿ. 5 ಸೊನ್ನಿ, 197 ಸೊನ್ನಿ, 199 ಮಾತ್ರ 412. 'ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್ ಟು 1.5 ಜಿಬಿಪಿಎಸ್' ಅಂತ ಬ್ಯಾರೆ ಬಂದೈತಿ.

ರಾಯಚೂರು_ಬಿಸಲು:
ಹಂಗಾರ ಡಿಸ್ಕಿನ ಮ್ಯಾಲ ಸುಳ್ಳ ಅಪವಾದ ಬಂತು ನೋಡ್ರಿ 😀 5 ಅಂದ್ರ ಕೆಟ್ಟು ಬದಲಿ ಜಾಗಕ್ಕ ಹೋದ ಸೆಕ್ಟರ್, 197 ಅಂದ್ರ ಓದಾಕಾಗ್ದ ಹಂಗ ಉಳದದ್ದು, ಎರಡೂ ಸೊನ್ನಿ. 199 ಸಿಆರ್‌ಸಿ ಲೆಕ್ಕ, ಅಂದ್ರ ದಾರ್ಯಾಗ ಡೇಟಾ ಎಷ್ಟು ಸಲ ಕೆಟ್ಟೈತಿ ಅಂತ, ಬಹಳ ಸಲ ಕೇಬಲ್‌ದ ತಪ್ಪು. ಪದೇ ಪದೇ ತಪ್ಪು ಬಂತಂತ ಕರ್ನಲ್ಲ (ಉಬುಂಟುವಿನ ಒಳತಿರುಳು) ಸ್ಪೀಡ್ ಇಳಿಸೈತಿ. ಹೊಸಾ ಸಾಟಾ ಕೇಬಲ್ (ಡಿಸ್ಕಿನಿಂದ ಬೋರ್ಡಿಗೆ ಹೋಗೂದು) ಹಾಕ್ರಿ, ಬೋರ್ಡಿನ್ಯಾಗ ಬ್ಯಾರೆ ಪೋರ್ಟಿಗೆ ಚುಚ್ರಿ. ಆದ್ರ ಒಂದು ನೆನಪಿಡ್ರಿ, 199 ಕೇಬಲ್ ಬದಲ್ ಮಾಡಿದ ಮ್ಯಾಲೂ ಇಳಿಯಂಗಿಲ್ಲ, ಏರತೈತೋ ಇಲ್ಲೋ ಅಷ್ಟ ನೋಡೂದು.

ಬಳ್ಳಾರಿ_ಧೂಳು:
ನೆಟ್ಟಿನ ರೋಗ ಬ್ಯಾರೇನ ಇರಬೇಕು. ಈಥ್‌ಟೂಲ್ ಕಮಾಂಡ್ ಹೊಡದು ನೆಟ್ ಕೇಬಲ್ಲಿನ ಸ್ಪೀಡ್ ನೋಡ್ರಿ. ಗಿಗಾಬಿಟ್ (1000 ಮೆಗಾಬಿಟ್) ಪೋರ್ಟ್ ಇದ್ದೂ 100 ತೋರಿಸಿದ್ರ ಒಳಗಿನ ಯಾವುದೋ ವೈರ್ ಹೋಗೈತಿ, 1000ಕ್ಕ ಎಂಟೂ ವೈರ್ ಬೇಕು, 100ಕ್ಕ ನಾಕ ಸಾಕು. ಮಿಲ್ ಅಂದ್ರ ಇಲಿ ಇರತಾವ್ರೀ, ಕೇಬಲ್ ಪೂರಾ ಕೈಯಾಡ್ಸಿ ನೋಡ್ರಿ.

ಗಂಗಾವತಿ_ಮಿಲ್:
ಅಣ್ಣಾರ, ಎರಡೂ ಖರೆ! ಡಬ್ಬಿ ಬಿಚ್ಚಿದ್ರ ಒಂದ್ ಬೊಗಸಿ ತೌಡು ಇತ್ರಿ, ಸಾಟಾ ಕೇಬಲ್ ತುದಿ ಅಲ್ಲಾಡಾಕತ್ತಿತ್ತು. ಹೊಸಾದು ಹಾಕಿ ಮೂರು ದಿನ ಆತು, 199 ಇನ್ನೂ 412ಕ್ಕ ನಿಂತೈತಿ. ನೆಟ್ಟಿನ ಸ್ಪೀಡೂ 100 ಇತ್ತು, ಚೀಲದ ಥಪ್ಪಿ ಹಿಂದ ಇಲಿ ನೆಟ್ ಕೇಬಲ್ ಕಡದು ನೀಲಿ ವೈರ್ ಬಾಯಿ ಬಿಟ್ಟಿತ್ತು. ಸಾವ್ಕಾರ್ರು ಈಗ ಬೆಕ್ಕು ಸಾಕೂಣು ಅನ್ನಾಕತ್ತಾರ.

ಬಳ್ಳಾರಿ_ಧೂಳು:
ಬೆಕ್ಕೂ ಸಾಕ್ರಿ, ಕೇಬಲ್‌ಗೆ ಪಿವಿಸಿ ಪೈಪೂ ಹಾಕಸ್ರಿ. ಮೋಟರ್ ವೈರಿನ ಜೋಡಿ ಮಾತ್ರ ಎಳೀಬ್ಯಾಡ್ರಿ.