ಮಲೆನಾಡಿನ ಮಳೆಯಲ್ಲಿ ಡೇರಿ: ಹಸು ತರುವ ಮೊದಲು ಏನು ನೋಡಬೇಕು? ಮಾಡಿದವರು ಹೇಳಿ

ಕೇಳಿದವರು, ತೀರ್ಥಹಳ್ಳಿ ತಾಲೂಕು

ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ಆಗುಂಬೆ ಕಡೆ ನಮ್ಮ ಮನೆ. ಎರಡೂವರೆ ಎಕರೆ ಅಡಿಕೆ ತೋಟ ಇದೆ. ಒಂದೂವರೆ ಎಕರೆ ಗದ್ದೆ ಪಾಳು ಬಿದ್ದಿದೆ. ಕೊಟ್ಟಿಗೆಯಲ್ಲಿ ಅಮ್ಮ ಸಾಕಿದ ಎರಡು ಗಿಡ್ಡ ಹಸು. ಹತ್ತು ಎಚ್‌ಎಫ್ (ಹೆಚ್ಚು ಹಾಲು ಕೊಡುವ ವಿದೇಶಿ ತಳಿ ಹೋಲ್‌ಸ್ಟೀನ್ ಫ್ರೀಸಿಯನ್) ಹಸು ತಂದು, ಸಾಲ ಮಾಡಿ ಶೆಡ್ ಕಟ್ಟಿ, ಆಧುನಿಕವಾಗಿ ಡೇರಿ ಮಾಡೋಣ ಅಂತ ಯೋಚನೆ. ಯೂಟ್ಯೂಬ್ ನೋಡಿದರೆ ಎಲ್ಲರೂ ತಿಂಗಳಿಗೆ ಲಕ್ಷ ಅಂತಾರೆ. ಅಮ್ಮ ಮಾತ್ರ "ಒಂದು ಮಳೆಗಾಲ ಕಳೀಲಿ, ಆಮೇಲೆ ಮಾತಾಡು" ಅಂತಾರೆ. ನಮ್ಮ ಕಡೆಯ ಮಳೆಯಲ್ಲಿ ನಿಜವಾಗಿ ಮಾಡಿದವರು ಹೇಳಿ. ಎಷ್ಟು ಹಸುವಿನಿಂದ ಶುರು ಮಾಡಲಿ? ಯಾವ ತಳಿ? ಮೇವು ಹೇಗೆ?

ಹೊಸನಗರ ಕಡೆಯವರು

ಅಮ್ಮ ಸರಿಯಾಗಿಯೇ ಹೇಳಿದ್ದಾರೆ. ನಮ್ಮಲ್ಲಿ ಈಗ ಕರೆಯುವ ಹಸು ಒಂಬತ್ತಿವೆ. ಮೂರರಿಂದ ಶುರು ಮಾಡಿದ್ದು. ಉಳಿದವು ಬಹುತೇಕ ಕೊಟ್ಟಿಗೆಯಲ್ಲೇ ಹುಟ್ಟಿದವು.

ಒಂದು ಲೆಕ್ಕ ಹಾಕಿ ನೋಡಿ. ಒಂದು ಹಸುವಿಗೆ ದಿನಕ್ಕೆ ಐದು ಕಿಲೋ ಒಣಹುಲ್ಲು ಬೇಕೇ ಬೇಕು. ಜೂನ್‌ನಿಂದ ಅಕ್ಟೋಬರ್ ಅಂದರೆ ಸುಮಾರು 150 ದಿನ. ಒಂದು ಹಸುವಿಗೆ 750 ಕಿಲೋ, ಹತ್ತಕ್ಕೆ ಏಳೂವರೆ ಟನ್. ಅಷ್ಟನ್ನು ನೆನೆಯದ ಹಾಗೆ ಎಲ್ಲಿಡುತ್ತೀರಿ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಹಸು ನೋಡಲು ಹೋಗಬೇಡಿ. ಬಯಲುಸೀಮೆಯವರ ವಿಡಿಯೋದಲ್ಲಿ ಇದು ಬರುವುದೇ ಇಲ್ಲ, ಏಕೆಂದರೆ ಅವರಿಗೆ ಇದು ಸಮಸ್ಯೆಯೇ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ ಮಾರಾಯ್ರೆ. ಬೂಷ್ಟು ಹಿಡಿದ ಹುಲ್ಲು ಹಾಕಿದರೆ ಹಾಲೂ ಹೋಯಿತು, ಗಬ್ಬವೂ ನಿಲ್ಲುವುದಿಲ್ಲ.

"ಮಳೆಗಾಲದಲ್ಲಿ ಎಲ್ಲೆಡೆ ಹಸಿರು, ಒಣಹುಲ್ಲು ಯಾಕೆ?" ಅನ್ನಬಹುದು. ಆ ಹಸಿರಲ್ಲಿ ನೀರೇ ಜಾಸ್ತಿ. ಹಸುವಿನ ಹೊಟ್ಟೆ ತುಂಬುತ್ತದೆ, ಆಹಾರ ಸಾಲುವುದಿಲ್ಲ. ಸಗಣಿ ತೆಳುವಾಗುತ್ತದೆ, ಫ್ಯಾಟ್ ಇಳಿಯುತ್ತದೆ, ಹಿಂದೆಯೇ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಕೂಡ. ಹಾಲಿನ ಸಂಘದಲ್ಲಿ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ನೋಡುತ್ತಾರೆ. ಅದಕ್ಕಿಂತ ಕೆಳಗೆ ಬಂದರೆ ದುಡ್ಡೂ ಕೆಳಗೆ. ಬೆಳಿಗ್ಗೆ ಮೊದಲು ಒಣಹುಲ್ಲು ಹಾಕಿ, ಆಮೇಲೆ ಹಸಿ. ಕೊಯ್ದ ಹುಲ್ಲನ್ನು ಅರ್ಧ ದಿನವಾದರೂ ಸೂರಿನಡಿ ಹರಡಿ ಬಾಡಿಸಿ.

ನಿಮ್ಮ ಗದ್ದೆ ತಗ್ಗಿನಲ್ಲಿದ್ದರೆ ನೇಪಿಯರ್ ಮೇವಿನ ಹುಲ್ಲು ಸುಮ್ನೆ ನೆಟ್ಟುಬಿಡಬೇಡಿ. ಸಿಓ-4, ಸಿಓ-5, ಸೂಪರ್ ನೇಪಿಯರ್ ಯಾವುದೇ ಇರಲಿ, ನೀರು ನಿಂತರೆ ಬುಡ ಕೊಳೆಯುತ್ತದೆ. ತೋಟಕ್ಕೆ ತೆಗೆಯುವ ಹಾಗೆ ಬಸಿಗಾಲುವೆ ತೆಗೆದು, ಏರು ಮಾಡಿ ನೆಡಿ. ಮೊದಲ ಕೊಯ್ಲು 75-80 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ತೀರಾ ಜೌಗಿನ ಜಾಗಕ್ಕೆ ಪ್ಯಾರಾ ಹುಲ್ಲು ಹೊಂದುತ್ತದೆ. ನೆರಳಿನ ಜಾಗಕ್ಕೆ, ತೋಟದ ಅಂಚಿಗೆ ಗಿನಿ ಹುಲ್ಲು. ಒಂದು ಎಚ್ಚರ: ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಮರದ ಬುಡದ ಹುಲ್ಲನ್ನು ಕೆಲವು ವಾರ ಕೊಯ್ಯಬೇಡಿ. ಮೈಲುತುತ್ತ ಹುಲ್ಲಿನ ಮೇಲೆಯೇ ಕೂತಿರುತ್ತದೆ.

ಅಡಿಕೆ ಹಾಳೆ ಬಿಸಾಡಬೇಡಿ. ಚಾಫ್ ಕಟರ್‌ಗೆ (ಮೇವು ಕತ್ತರಿಸುವ ಯಂತ್ರ) ಕೊಟ್ಟರೆ ಒಳ್ಳೆಯ ಒರಟು ಮೇವು. ಸತ್ವದಲ್ಲಿ ಬತ್ತದ ಹುಲ್ಲಿನ ಆಸುಪಾಸು. ಒಣಹುಲ್ಲನ್ನೇ ಯೂರಿಯಾ ಹಾಕಿ ಉಪಚಾರ ಮಾಡಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50-60 ಲೀಟರ್ ನೀರಲ್ಲಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಟಾರ್ಪಾಲಿನಿಂದ ಗಾಳಿ ಆಡದಂತೆ ಮುಚ್ಚಿ ಮೂರು ವಾರ ಬಿಡಿ. ಹಾಕುವ ಮೊದಲು ಸ್ವಲ್ಪ ಹೊತ್ತು ಹರಡಿ ವಾಸನೆ ಹೋಗಲು ಬಿಡಿ. ಇದನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಸಣ್ಣ ಕರುಗಳಿಗೆ ಮಾತ್ರ ಇದು ಬೇಡ.

ಶೆಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಡು ಎತ್ತರ ಇರಲಿ. ನೆಲ ಹತ್ತಡಿಗೆ ಮೂರು ಇಂಚು ಇಳಿಜಾರು ಇರಲಿ. ಗಾಳಿ ಮಳೆ ಹೊಡೆಯುವ ಕಡೆಗೆ ಸೋಗೆ ತಟ್ಟಿ ಕಟ್ಟಿ, ಆದರೆ ನಾಲ್ಕೂ ಕಡೆ ಮುಚ್ಚಬೇಡಿ. ಮೂತ್ರದ ಗಾಟು ಒಳಗೇ ನಿಂತರೆ ಕೆಮ್ಮು ಶುರುವಾಗುತ್ತದೆ. ಒದ್ದೆ ನೆಲದಿಂದ ಗೊರಸು ಕೆಡುತ್ತದೆ. ನೂರು ಲೀಟರ್ ನೀರಿಗೆ ಐದು ಕಿಲೋ ಮೈಲುತುತ್ತ ಹಾಕಿ ಬಾಗಿಲ ಬಳಿ ಕಾಲು ಅದ್ದುವ ತೊಟ್ಟಿ ಮಾಡಿ. ಅಡಿಕೆ ಬೆಳೆಯುವ ಮನೆಯಲ್ಲಿ ಮೈಲುತುತ್ತ ಹುಡುಕಬೇಕಾಗಿಲ್ಲ ಅಲ್ವಾ. ಹಸು ಅದನ್ನು ಕುಡಿಯದ ಹಾಗೆ ಮಾತ್ರ ನೋಡಿಕೊಳ್ಳಿ.

ಶಿಕಾರಿಪುರ ಕಡೆಯವರು

ಮೇಲೆ ಹೇಳಿದವರ ಮಾತು ಒಪ್ಪುತ್ತೇನೆ. ಆದರೆ ಹತ್ತು ಹಸು ಆಗುವುದೇ ಇಲ್ಲ ಅನ್ನಲಾರೆ. ನಮ್ಮಲ್ಲಿ ಇಪ್ಪತ್ತಿವೆ, ಎಲ್ಲ ಎಚ್‌ಎಫ್ ಮಿಶ್ರತಳಿ. ನಮ್ಮದು ಅರೆಮಲೆನಾಡು, ಮೆಕ್ಕೆಜೋಳದ ಸೀಮೆ. ಆಹಾರದ ಮೂಟೆಗೂ ದೂರ ಹೋಗಬೇಕಿಲ್ಲ, ಕೆಎಂಎಫ್‌ನ ಪಶು ಆಹಾರ ಘಟಕ ಊರಲ್ಲೇ ಇದೆ. ಈ ಲೆಕ್ಕವನ್ನು ನೀವು ಹಾಗೇ ಎತ್ತಿಕೊಂಡು ಹೋದರೆ ಕಷ್ಟ.

ನಿಮಗೆ ಬೇಕಾದ್ದು ರಸಮೇವು, ಅಂದರೆ ಸೈಲೇಜ್. ಜೋಳದ ಕಾಳು ಹಾಲು ತುಂಬಿ ಗಟ್ಟಿಯಾಗುವ ಹೊತ್ತಿಗೆ ಗಿಡ ಸಮೇತ ಕತ್ತರಿಸಿ, ಗಾಳಿ ಉಳಿಯದಂತೆ ತುಳಿದು ಮುಚ್ಚುತ್ತೇವೆ. ಒಂದೂವರೆ ತಿಂಗಳಿಗೆ ಸಿದ್ಧ. ಚೆನ್ನಾಗಿ ಆಗಿದ್ದರೆ ಹುಳಿ ಹಣ್ಣಿನ ವಾಸನೆ, ಹಳದಿ ಮಿಶ್ರಿತ ಹಸಿರು ಬಣ್ಣ. ಕಪ್ಪಾಗಿದ್ದರೆ, ಕೊಳೆತ ನಾತ ಬಂದರೆ ತಗೋಬೇಡಿ. ನಿಮ್ಮ ಕಡೆ ಗುಂಡಿ ತೋಡಿದರೆ ಮಳೆಗಾಲದಲ್ಲಿ ಕೆಳಗಿನಿಂದಲೇ ನೀರು ಏಳುತ್ತದೆ. ಅದಕ್ಕೆ ಚೀಲದ್ದೇ ಸರಿ. ಐವತ್ತು ಕಿಲೋ ಚೀಲ ಎರಡು ಮೂರು ಹಸುವಿಗೆ ಒಂದು ದಿನಕ್ಕೆ ಬರುತ್ತದೆ. ಬಾಯಿ ಬಿಚ್ಚಿದ್ದನ್ನು ಬೇಗ ಮುಗಿಸಿ. ಇಲಿ ಚೀಲ ಕಚ್ಚದ ಹಾಗೆ ಅಟ್ಟಣಿಗೆ ಮೇಲಿಡಿ.

ನಿವೃತ್ತ ಪಶುವೈದ್ಯರು, ಶಿವಮೊಗ್ಗ

ತಮ್ಮಾ, ತಳಿ ವಿಷಯಕ್ಕೆ ಬರುತ್ತೇನೆ. ಆಗುಂಬೆ ಕಡೆಗೆ ಎಚ್‌ಎಫ್‌ಗಿಂತ ಜೆರ್ಸಿ ಮಿಶ್ರತಳಿ ವಾಸಿ. ಮೈ ಸಣ್ಣದು, ತಿನ್ನುವುದು ಕಡಿಮೆ, ಫ್ಯಾಟ್ ಚೆನ್ನಾಗಿರುತ್ತದೆ, ಗುಡ್ಡದ ಕಾಲುದಾರಿಯಲ್ಲಿ ನಡೆಯುತ್ತದೆ. ಹಾಲು ಎಚ್‌ಎಫ್‌ಗಿಂತ ಕಡಿಮೆ ಎಂಬುದು ನಿಜ.

ನಮ್ಮ ಕಡೆಯ ದೊಡ್ಡ ಶತ್ರು ಉಣುಗು, ಅಂದರೆ ಉಣ್ಣಿ. ಕೋಲಾರ, ಚಿಂತಾಮಣಿ ಕಡೆಯಿಂದ ಲಾರಿಯಲ್ಲಿ ಬಂದ ಹಸು ಪ್ರಯಾಣದ ಆಯಾಸದಲ್ಲೇ ಇರುತ್ತದೆ. ಇಲ್ಲಿನ ಉಣುಗು ಕಚ್ಚಿದರೆ ಥೈಲೀರಿಯಾ, ಬೆಬೀಸಿಯಾ ಎಂಬ ರಕ್ತದ ಕಾಯಿಲೆ ಬರಬಹುದು. ಜೋರು ಜ್ವರ, ಮೇವು ಬಿಡುವುದು, ಕುತ್ತಿಗೆ ಬುಡದಲ್ಲಿ ಗಂಟು, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ವೈದ್ಯರನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಿ. ನಾಳೆ ನೋಡೋಣ ಅನ್ನುವ ಕಾಯಿಲೆಗಳಲ್ಲ ಇವು. ಆದ್ದರಿಂದ ಹತ್ತಿರದ ತಾಲೂಕಿನಲ್ಲೇ, ನಮ್ಮ ಹವೆಗೆ ಒಗ್ಗಿದ, ಎರಡನೇ ಕರುವಿನ ಹಸು ಹುಡುಕಿ. ಮಾರುವವರ ಮನೆಯಲ್ಲಿ ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ ಮೂರು ಹೊತ್ತು ನಿಂತು ಕರೆಸಿ ನೋಡಿ. ಕೆಚ್ಚಲು ಬಾವಿನ ಪರೀಕ್ಷೆ, ಗಬ್ಬ ಕಳಚುವಂತೆ ಮಾಡುವ ಬ್ರುಸೆಲ್ಲಾ ರೋಗದ ಪರೀಕ್ಷೆ ಆಗದೆ ದುಡ್ಡು ಕೊಡಬೇಡಿ.

ಉಣುಗಿನ ಇನ್ನೊಂದು ಮುಖ ನಿಮಗೆ ಗೊತ್ತೇ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಈಗಲೂ ಡಿಸೆಂಬರ್‌ನಿಂದ ಮೇ ತನಕ ಕಾಡುತ್ತದೆ. ಕಾಡಿಗೆ ಮೇಯಲು ಹೋಗುವ ದನದ ಮೈಮೇಲೆ ಉಣುಗು ಬೆಳೆಯುತ್ತದೆ. ಆ ತಿಂಗಳುಗಳಲ್ಲಿ ಹಸುಗಳನ್ನು ಕಾಡಿಗೆ ಬಿಡಬೇಡಿ. ಕೊಟ್ಟಿಗೆಗೆ ದರಕು (ಒಣ ಎಲೆ) ಗುಡಿಸಿ ತರುವವರು ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬಾ ಬಟ್ಟೆ ಹಾಕಿಕೊಂಡು ಹೋಗಲಿ.

ಇನ್ನು ಲಾಭ ಎಲ್ಲಿದೆ ಅಂದರೆ ಕರು ಹಾಕುವ ಅಂತರದಲ್ಲಿದೆ. ಕರು ಹಾಕಿ ಎರಡು ಮೂರು ತಿಂಗಳೊಳಗೆ ಮತ್ತೆ ಗಬ್ಬ ಕಟ್ಟಬೇಕು. ಆಗ 12-13 ತಿಂಗಳಿಗೊಂದು ಕರು. ಅದೇ 18 ತಿಂಗಳಿಗೆ ಜಾರಿದರೆ ತಿಂಗಳುಗಟ್ಟಲೆ ಹಸುವನ್ನು ಸುಮ್ನೆ ಸಾಕಿದ ಹಾಗೆ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ. ಎಷ್ಟೋ ಸಲ ರಾತ್ರಿ ಹೊತ್ತು. ಬೆಳಿಗ್ಗೆ ಕಂಡರೆ ಸಂಜೆ ಗಬ್ಬದ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಮಳೆಗಾಲದಲ್ಲಿ ಕತ್ತಲ ಕೊಟ್ಟಿಗೆಯಲ್ಲಿ ಬೆದೆ ತಪ್ಪಿಹೋಗುವುದೇ ಹೆಚ್ಚು. ಒಳ್ಳೆಯ ದೀಪ ಹಾಕಿ, ಗೋಡೆಗೆ ಕ್ಯಾಲೆಂಡರ್ ನೇತುಹಾಕಿ ಬರೆದಿಡಿ. ಕರು ಹಾಕುವ ಎರಡು ತಿಂಗಳ ಮೊದಲು ಕರೆಯುವುದನ್ನು ನಿಲ್ಲಿಸಿ. ಹುಟ್ಟಿದ ಕರುವಿಗೆ ಮೊದಲ ಎರಡು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗೆ ಸೇರಲಿ. ಕಾಲುಬಾಯಿ ಲಸಿಕೆ ವರ್ಷಕ್ಕೆ ಎರಡು ಸಲ, ತಪ್ಪಿಸಬೇಡಿ.

ಸಾಗರ ಕಡೆಯವರು

ನಾನು ಹೆಂಗಸು, ನಮ್ಮ ಮನೆಯ ಡೇರಿ ಲೆಕ್ಕ ನನ್ನದೇ. ಗಂಡಸರು ಹಾಲಿನ ಬಿಲ್ ಮಾತ್ರ ನೋಡುತ್ತಾರೆ. (ಜಗಳ ಬೇಡ, ನಮ್ಮ ಮನೆ ಮಾತು ಹೇಳಿದೆ.)

ದಿನಕ್ಕೆ ಹತ್ತು ಲೀಟರ್ ಕೊಡುವ ಹಸು ಅಂತ ಇಟ್ಟುಕೊಳ್ಳೋಣ. ಸಂಘದ ದರ ಏರಿಳಿತ ಇದ್ದೇ ಇದೆ, ಲೆಕ್ಕಕ್ಕೆ 35 ರೂಪಾಯಿ ಹಿಡಿಯಿರಿ. 350 ಬಂತು. ಎರಡೂವರೆ ಲೀಟರಿಗೆ ಒಂದು ಕಿಲೋದಂತೆ ನಾಲ್ಕು ಕಿಲೋ ಪಶು ಆಹಾರ, ಹಸುವಿನ ಮೈಗೆ ಇನ್ನೊಂದೂವರೆ ಎರಡು ಕಿಲೋ. ಕಿಲೋಗೆ 28 ಹಿಡಿದರೆ ಆರು ಕಿಲೋಗೆ 168. ಒಣಹುಲ್ಲು, ಖನಿಜ ಮಿಶ್ರಣ, ಔಷಧಿ, ಕರೆಂಟು ಸೇರಿ 70 ಅನ್ನಿ. ಉಳಿದದ್ದು 112. ಇದು ನಿಮ್ಮದೇ ಹಸಿ ಮೇವು, ನಿಮ್ಮದೇ ಕೈ ಕೆಲಸ ಇದ್ದಾಗ. ಕೂಲಿ ಇಟ್ಟರೆ, ಸಾಲದ ಕಂತು ಕಟ್ಟಿದರೆ ಏನು ಉಳಿಯುತ್ತದೆ ನೀವೇ ನೋಡಿ. ಬತ್ತಿದ ತಿಂಗಳುಗಳ ಖರ್ಚನ್ನೂ ಇದರಲ್ಲೇ ತೂಗಿಸಬೇಕು. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಬಂದಾಗ ಬರಲಿ, ತಿಂಗಳ ಖರ್ಚಿಗೆ ಅದನ್ನು ನಂಬಿಕೊಳ್ಳಬೇಡಿ.

ಹಾಗಾದರೆ ಯಾಕೆ ಮಾಡಬೇಕು? ಗೊಬ್ಬರಕ್ಕೆ! ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಗೊಬ್ಬರ, ಅಷ್ಟೇ ಹಸಿರೆಲೆ ಕೊಡಬೇಕು ಅನ್ನುವುದು ಶಿಫಾರಸು. ಒಂಬತ್ತಡಿ ಅಂತರದಲ್ಲಿ ಎಕರೆಗೆ 500ಕ್ಕೂ ಹೆಚ್ಚು ಮರ. ನಿಮ್ಮ ಎರಡೂವರೆ ಎಕರೆಗೆ ಹದಿನಾರು ಟನ್ ಬೇಕು. ಒಂದು ಮಿಶ್ರತಳಿ ಹಸು ದಿನಕ್ಕೆ 15-20 ಕಿಲೋ ಸಗಣಿ ಹಾಕುತ್ತದೆ. ಸೊಪ್ಪಿನಬೆಟ್ಟದ ಸೊಪ್ಪು, ದರಕು ಸೇರಿಸಿ ಕೊಳೆಸಿದರೆ ನಾಲ್ಕು ಹಸುವಿನಲ್ಲಿ ನಿಮ್ಮ ತೋಟದ ಗೊಬ್ಬರ ಮುಗಿಯಿತು. ಹೊರಗಿಂದ ಲೋಡು ತರಿಸುವ ದುಡ್ಡನ್ನು ಡೇರಿಯ ಲಾಭಕ್ಕೆ ಬರೆದುಕೊಳ್ಳಿ. ಎರಡು ಘನಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕಿಲೋ ಸಗಣಿ ಸಾಕು, ಅಡುಗೆಯೂ ಆಗುತ್ತದೆ, ಸ್ಲರಿ ತೋಟಕ್ಕೆ ಹೋಗುತ್ತದೆ.

ಅಮ್ಮನ ಗಿಡ್ಡ ಹಸುಗಳನ್ನು ಮಾರಬೇಡಿ. ಮಲೆನಾಡು ಗಿಡ್ಡ 2012ರಲ್ಲಿ ಅಧಿಕೃತ ತಳಿಯಾಗಿ ನೋಂದಣಿಯಾಗಿದೆ. ಹಾಲು ಒಂದೆರಡು ಲೀಟರ್, ಚೆನ್ನಾಗಿದ್ದರೆ ಮೂರು. ಖರ್ಚು ಅಂದರೆ ಅಕ್ಕಚ್ಚು (ಅಕ್ಕಿ ತೊಳೆದ ನೀರು), ಸ್ವಲ್ಪ ಹಿಂಡಿ. ಕಾಯಿಲೆ ಬೀಳುವುದು ಅಪರೂಪ. ಮನೆ ಹಾಲು, ತುಪ್ಪ ಅದರಲ್ಲಿ ಆದರೆ ಮಿಶ್ರತಳಿಯ ಹಾಲು ಪೂರ್ತಿ ಸಂಘಕ್ಕೆ ಹೋಗುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹುಲ್ಲಿನ ಲೆಕ್ಕ ನೋಡಿ ತಲೆ ತಿರುಗಿತು. ನಾಲ್ಕು ಜೆರ್ಸಿಯಿಂದ ಶುರು ಮಾಡಿದರೆ ಹಾಲು ಕರೆಯುವ ಯಂತ್ರ ಬೇಕಾ? ಗಂಡು ಕರು, ಮುದಿ ಹಸು ಏನು ಮಾಡುತ್ತೀರಿ? ಸಾಲ ಯಾವುದು ಒಳ್ಳೆಯದು?

ಹೊಸನಗರ ಕಡೆಯವರು

ನಾಲ್ಕಕ್ಕೆ ಯಂತ್ರ ಬೇಡ. ಐದಾರು ದಾಟಿದ ಮೇಲೆ ನೋಡಿ, ಆಗಲೂ ಜನರೇಟರ್ ಜೊತೆಗೇ. ನಮ್ಮ ಕಡೆ ಜುಲೈನಲ್ಲಿ ಒಂದು ಮರ ಬಿದ್ದರೆ ಕರೆಂಟು ಎಷ್ಟು ದಿನ ಇಲ್ಲ ಅಂತ ಹೇಳಲಾಗದು. ಯಂತ್ರಕ್ಕೆ ಒಗ್ಗಿದ ಹಸು ಕೈಗೆ ಸುಲಭಕ್ಕೆ ಹಾಲು ಇಳಿಸುವುದಿಲ್ಲ. ಮೊದಲು ಚಾಫ್ ಕಟರ್ ತಗೊಳ್ಳಿ. ಕರೆದ ಮೇಲೆ ಮೊಲೆಗೆ ಅಯೋಡಿನ್ ದ್ರಾವಣ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಮೊಲೆಯ ರಂಧ್ರ ಮುಚ್ಚುವ ಮೊದಲು ಒದ್ದೆ ನೆಲದಲ್ಲಿ ಮಲಗಿದರೆ ಕೆಚ್ಚಲು ಬಾವು ಬರುತ್ತದೆ.

ನಿವೃತ್ತ ಪಶುವೈದ್ಯರು, ಶಿವಮೊಗ್ಗ

ಗಂಡು ಕರುವಿನ ಪ್ರಶ್ನೆ ಮೊದಲೇ ಯೋಚಿಸಿದ್ದು ಒಳ್ಳೆಯದಾಯಿತು. ರಾಜ್ಯದ ಗೋಹತ್ಯೆ ನಿಷೇಧ ಕಾಯ್ದೆ 2021ರಿಂದ ಜಾರಿಯಲ್ಲಿದೆ. ಮುದಿ ಹಸುವನ್ನು ಸಾಕುವ ಖರ್ಚು ನಿಮ್ಮ ಲೆಕ್ಕದಲ್ಲೇ ಇರಬೇಕು. ಗಂಡು ಕರು ಕಡಿಮೆಯಾಗಲು ಲಿಂಗ ನಿರ್ಧರಿತ ವೀರ್ಯ ಸಿಗುತ್ತದೆ, ಹತ್ತರಲ್ಲಿ ಒಂಬತ್ತು ಹೆಣ್ಣು. ಇದನ್ನು ಆರೋಗ್ಯವಾಗಿರುವ ಪಡ್ಡೆಗಳಿಗೆ (ಇನ್ನೂ ಕರು ಹಾಕದ ಹಸು), ಬೆದೆ ಸರಿಯಾಗಿ ಕಂಡಾಗ ಮಾತ್ರ ಹಾಕಿಸಿ.

ಸಾಲಕ್ಕೆ ಮೊದಲು ಬ್ಯಾಂಕಿನಲ್ಲಿ ಪಶುಸಂಗೋಪನೆಯ ಕಿಸಾನ್ ಕ್ರೆಡಿಟ್ ಕಾರ್ಡ್ ವಿಚಾರಿಸಿ. ಮೇವು, ಆಹಾರದ ಖರ್ಚಿಗೆ ಅದು ಸಾಕು. ಹಸುವಿಗೆ ಗುರುತಿನ ಕಿವಿಯೋಲೆ ಹಾಕಿಸಿ, ವಿಮೆ ಮಾಡಿಸಿ. ಓಲೆ ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸದು ಹಾಕಿಸಬೇಕು, ಇಲ್ಲದಿದ್ದರೆ ಹಸು ಸತ್ತಾಗ ವಿಮೆ ಹಣ ಸಿಗುವುದಿಲ್ಲ. ಮೇವಿನ ಬೆಳೆ ಬಗ್ಗೆ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಶಿಕಾರಿಪುರ ಕಡೆಯವರು

ಮಳೆಗಾಲಕ್ಕೆ ಸೈಲೇಜ್ ಬೇಕಿದ್ದರೆ ಮಾರ್ಚ್‌ನಲ್ಲೇ ಹೇಳಿಡಿ. ನಮ್ಮ ಕಡೆಯ ನೀರಾವರಿ ಜೋಳ ಏಪ್ರಿಲ್, ಮೇನಲ್ಲಿ ಕಟಾವಿಗೆ ಬರುತ್ತದೆ. ನಿಮ್ಮ ಮನೆ ಅಂಗಳದವರೆಗೆ ಲಾರಿ ಬರುತ್ತದಾ, ಇಲ್ಲ ರಸ್ತೆಯಲ್ಲೇ ಇಳಿಸಿ ಹೊರಬೇಕಾ? ಅದರ ಮೇಲೆ ಬಾಡಿಗೆ ಹೇಳುತ್ತಾರೆ.