ಮತ್ಸ್ಯಕನ್ಯೆಯ ಬಾಲಕ್ಕೆ 1,450 ರೂಪಾಯಿ: ಥೀಮ್ ಹುಟ್ಟುಹಬ್ಬಕ್ಕೆ ನೀವೇನು ಮಾಡಿದಿರಿ?

ಕೇಳಿದವರು: ಕಾರವಾರದ ಒಬ್ಬ ತಾಯಿ

ಯುಕೆಜಿಯಲ್ಲಿರುವ ನನ್ನ ಮಗಳಿಗೆ ಅವಳ ತರಗತಿಯ ಹುಡುಗಿಯ ಐದನೆಯ ಹುಟ್ಟುಹಬ್ಬದ ಕರೆ ಬಂದಿದೆ. ಥೀಮ್ ‘ಸಮುದ್ರದಾಳ’. ಹೆಣ್ಣುಮಕ್ಕಳು ಮತ್ಸ್ಯಕನ್ಯೆಯರಾಗಿ, ಗಂಡುಮಕ್ಕಳು ಕಡಲ್ಗಳ್ಳರಾಗಿ, ತಂದೆತಾಯಂದಿರು ನೀಲಿ ಉಟ್ಟು ಬರಬೇಕೆಂದು ಕಾರ್ಡಿನಲ್ಲಿದೆ. ಬಾಲವಿರುವ ಉಡುಪಿಗೆ ಆನ್‌ಲೈನಿನಲ್ಲಿ 1,450 ರೂಪಾಯಿ ತೋರಿಸುತ್ತಿದೆ. ಇನ್ನು 11 ದಿನ ಉಳಿದಿದೆ. ಮೂರು ವರ್ಷದ ಮಗನೂ ಇದ್ದಾನೆ, ಅವನು ತಲೆಗೆ ಏನು ಕಟ್ಟಿದರೂ ಕಿತ್ತೆಸೆಯುತ್ತಾನೆ. ಕೊಳ್ಳುವುದೇ, ಬಾಡಿಗೆಗೆ ತರುವುದೇ, ಅಥವಾ ಇದ್ದ ಫ್ರಾಕಿನಲ್ಲೇ ಕಳುಹಿಸುತ್ತೇವೆಂದು ಮೊದಲೇ ತಿಳಿಸುವುದೇ? ತಿಳಿಸುವುದಾದರೆ ಅವರ ಮನಸ್ಸಿಗೆ ನೋವಾಗದಂತೆ ಹೇಗೆ ಹೇಳುವುದು?

ಶಿರಸಿಯಿಂದ, ಇಬ್ಬರು ಮಕ್ಕಳ ತಾಯಿ

ಕೊಳ್ಳಲೇಬೇಡಿ. ಕಳೆದ ಜೂನ್‌ನಲ್ಲಿ ನಮ್ಮ ಮಾಣಿಗೆ ಕಾಡಿನ ಥೀಮಿನ ಕರೆ ಬಂದಾಗ ನಾನು ಹುಲಿಯ ವೇಷವನ್ನು ಮನೆಯಲ್ಲೇ ಮಾಡಿದೆ. ಹಳದಿ ಹಾಸುವಸ್ತ್ರವೊಂದು ಮನೆಯಲ್ಲಿತ್ತು. ಕಪ್ಪು ಬಟ್ಟೆ ಅರ್ಧ ಮೀಟರಿಗೆ 60, ಬಣ್ಣದ ಬಾಟಲಿ ಮೂರಕ್ಕೆ 105, ಬಾಲಕ್ಕೆ ತುಂಬಲು ಹತ್ತಿ 40, ಎಲಾಸ್ಟಿಕ್ 20, ಅಂಟು 25, ಒಟ್ಟು 250 ರೂಪಾಯಿ. ಮುಖವಾಡಕ್ಕೆ ತೋಟದ ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕತ್ತರಿಸಿ ಬಣ್ಣ ಬಳಿದೆ. ಮಳೆಯಲ್ಲಿ ಬಣ್ಣ ಒಣಗಲಿಲ್ಲವೆಂದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಸಿಕ್ಕಿಸಿದ್ದೇ ತಪ್ಪಾಯಿತು, ಬೆಳಿಗ್ಗೆ ನೋಡಿದರೆ ಹುಲಿಯ ಎರಡು ಕಿವಿಗಳೂ ಒಳಕ್ಕೆ ಸುರುಳಿ ಸುತ್ತಿಕೊಂಡು, ಮುಖವೆಲ್ಲ ಹೊಗೆ ಹಿಡಿದು, ಹುಲಿ ಹೋಗಿ ಕರಿಬೆಕ್ಕಾಗಿತ್ತು. ಇನ್ನೊಂದು ಹಾಳೆ ನೆನೆಸಿ, ಈ ಸಲ ಮೇಲೆ ಒರಳುಗುಂಡು ಹೇರಿ ನೆರಳಿನಲ್ಲಿ ಒಣಗಿಸಿದೆ. ಹೋಳಿಯ ಬೇಡರ ವೇಷ ನೋಡುತ್ತ ಬೆಳೆದ ಊರಿನವರು ವೇಷಕ್ಕಾಗಿ ಪಾರ್ಸೆಲ್ ತರಿಸುವುದು ನನಗೆ ಸರಿಕಾಣುವುದಿಲ್ಲ.

ಕುಮಟೆಯಿಂದ, ಒಬ್ಬ ತಂದೆ

ತೋಟ, ಹಾಳೆ, ಬಿಡುವು ಮೂರೂ ಇರುವವರು ಹೀಗೆ ಬರೆಯಬಹುದು. ನಮ್ಮಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಕಾರವಾರದಲ್ಲಿ ನಡೆದ ಸೂಪರ್‌ಹೀರೋ ಹುಟ್ಟುಹಬ್ಬಕ್ಕೆ, ಎದೆಯಲ್ಲಿ ಸ್ಪಂಜು ತುಂಬಿ ಮಾಂಸಖಂಡ ಮಾಡಿದ ಉಡುಪನ್ನು 1,899 ರೂಪಾಯಿಗೆ ತರಿಸಿದೆ. 5–6 ವರ್ಷದ ಅಳತೆಯೆಂದು ಬರೆದದ್ದು ನಾಲ್ಕರ ಮಗುವಿಗೂ ಬಿಗಿಯಾಗುವಂತಿತ್ತು. ಚೀಟಿ ಹರಿದಿದ್ದರಿಂದ ವಾಪಸು ತೆಗೆದುಕೊಳ್ಳಲಿಲ್ಲ. ಎರಡನೆಯದು 1,299. ಹೋಗಿಬರಲು ಪೆಟ್ರೋಲ್ 900, ಉಡುಗೊರೆ 600. ಸಭಾಂಗಣದಲ್ಲಿ ಏಸಿ ಕೆಟ್ಟಿತ್ತು. ಹುಟ್ಟುಹಬ್ಬದ ಹುಡುಗನೇ ಹತ್ತು ನಿಮಿಷಕ್ಕೆ ವೇಷ ಕಳಚಿ ಬನಿಯನ್ನಿನಲ್ಲಿ ಓಡಾಡುತ್ತಿದ್ದ. ನಮ್ಮವನು ಮಾತ್ರ ಅಪ್ಪ ದುಡ್ಡು ಕೊಟ್ಟದ್ದೆಂದು ಕೊನೆಯವರೆಗೂ ಹಾಕಿಕೊಂಡಿದ್ದ. ಮರುದಿನ ಬೆನ್ನೆಲ್ಲ ಬೆವರುಸಾಲೆ. ವೈದ್ಯರಿಗೆ 300, ಹಚ್ಚುವ ಔಷಧಕ್ಕೆ 165. ಕೂಡಿಸಿದರೆ 5,163 ರೂಪಾಯಿ. ಮರಳಿ ಸಿಕ್ಕಿದ್ದು ಒಂದು ಪೆನ್ಸಿಲ್ ಡಬ್ಬಿ, ಅದರ ಮುಚ್ಚಳವೂ ಕೂರುತ್ತಿರಲಿಲ್ಲ.

ಹೊನ್ನಾವರದಿಂದ, ಹುಟ್ಟುಹಬ್ಬ ಮಾಡಿದ ತಾಯಿ

ಕರೆದವರ ಲೆಕ್ಕವನ್ನೂ ಒಮ್ಮೆ ಕೇಳಿ. ನಾನು ಮಗಳ ಹುಟ್ಟುಹಬ್ಬಕ್ಕೆ 28 ಮಕ್ಕಳನ್ನು ಕರೆದಿದ್ದೆ. ಅಲಂಕಾರಕ್ಕೆ 12,000, ಫೋಟೋದವರಿಗೆ 5,500, ಕೇಕಿಗೆ 2,400 ಕೊಟ್ಟೆ. ಯಾವ ವೇಷವನ್ನೂ ಕೇಳಿರಲಿಲ್ಲ. ಹಳದಿ ಅಥವಾ ಬಿಳಿ ಬಟ್ಟೆ ಹಾಕಿಸಿ ಎಂದಷ್ಟೇ ಬರೆದಿದ್ದೆ. ಒಂಬತ್ತು ಮಕ್ಕಳು ಬೇರೆ ಬಣ್ಣದಲ್ಲಿ ಬಂದರು, ಒಬ್ಬನಂತೂ ಶಾಲೆಯ ಕ್ರೀಡಾ ಸಮವಸ್ತ್ರದಲ್ಲಿ ಬಂದ. ಗುಂಪು ಫೋಟೋದ ನಟ್ಟನಡುವೆ ಆ ಮೆರೂನ್ ಬಣ್ಣ ಇವತ್ತಿಗೂ ಕಣ್ಣಿಗೆ ಚುಚ್ಚುತ್ತದೆ. ಹಾಗೆ ಬಂದವರಿಗೆಂದೇ 80 ರೂಪಾಯಿಯ ಆರು ಕಿರೀಟಗಳನ್ನು ಇಟ್ಟಿದ್ದೆ, ಅವನ್ನು ಬಣ್ಣ ಪಾಲಿಸಿ ಬಂದವರ ಮಕ್ಕಳೇ ಕಿತ್ತಾಡಿ ಹರಿದರು. ಪೆನ್ಸಿಲ್ ಡಬ್ಬಿಯ ಮುಚ್ಚಳದವರೆಗೆ ಲೆಕ್ಕವಿಡುವವರು ಕರೆ ಬಂದಾಗಲೇ ಬರುವುದಿಲ್ಲವೆಂದು ಹೇಳಿದ್ದರೆ ಒಂದು ಊಟವಾದರೂ ಉಳಿಯುತ್ತಿತ್ತು.

ಕುಮಟೆಯ ತಂದೆ

ನಿಮ್ಮ ಫೋಟೋ ಚೆನ್ನಾಗಿ ಕಾಣಲೆಂದು ಅನ್ಯರ ಮಕ್ಕಳು ಬಟ್ಟೆ ಹೊಲಿಸಬೇಕೆನ್ನುವುದಾದರೆ ಅದು ಕರೆಯಲ್ಲ, ತಾಕೀತು. ಸಮವಸ್ತ್ರದಲ್ಲಿ ಬಂದ ಆ ಹುಡುಗನ ಮನೆಯಲ್ಲಿ ಅಂದು ಏನಾಗಿತ್ತೆಂದು ವಿಚಾರಿಸಿದ್ದೀರಾ?

ಹೊನ್ನಾವರದ ತಾಯಿ

ವಿಚಾರಿಸಿದ್ದೇನೆ. ನೇರವಾಗಿ ಕಬಡ್ಡಿ ಆಡಿ ಬಂದಿದ್ದ.

ಅಂಕೋಲೆಯಿಂದ

ಬಣ್ಣ ಕೇಳುವುದು ಹಾಗಿರಲಿ, ವೇಷ ಕೇಳುವವರು ಏನನ್ನು ಕೇಳುತ್ತಿದ್ದೇವೆಂದು ಯೋಚಿಸುವುದು ಒಳ್ಳೆಯದು. ಎರಡು ವರ್ಷದ ಹಿಂದೆ ನನ್ನ ಮಗಳಿಗೆ ‘ಹಳ್ಳಿ ಥೀಮ್’ ಎಂಬ ಕರೆ ಬಂತು. ನಾನು ಲಂಗ ದಾವಣಿ ಹಾಕಿಸಿ ಕರೆದುಕೊಂಡು ಹೋದೆ. ಅಲ್ಲಿ ನಾಲ್ಕು ಮಕ್ಕಳಿಗೆ ನಮ್ಮ ಹಾಲಕ್ಕಿ ಸಮುದಾಯದ ಹೆಂಗಸರಂತೆ ಕೊರಳ ತುಂಬ ಪ್ಲಾಸ್ಟಿಕ್ ಮಣಿಸರ ಹೇರಿ, ರವಿಕೆಯಿಲ್ಲದ ಸೀರೆಯಂತೆ ಕಾಣಲೆಂದು ಮೈಬಣ್ಣದ ಬನಿಯನ್ ತೊಡಿಸಿ, ಮುಖಕ್ಕೆ ಕಂದು ಬಣ್ಣ ಬಳಿದಿದ್ದರು. ಎಲ್ಲರೂ ನಗುತ್ತ ಫೋಟೋ ತೆಗೆಯುತ್ತಿದ್ದರು. ನನ್ನ ಅಜ್ಜಿ ಬದುಕಿರುವವರೆಗೂ ಉಟ್ಟದ್ದು ಹಾಗೆಯೇ. 2021ರಲ್ಲಿ, ಗಿಡ ನೆಟ್ಟು ಬೆಳೆಸಿ ಹೆಸರಾದ ನಮ್ಮವರೇ ಆದ ತುಳಸಿ ಗೌಡರು ಅದೇ ಉಡುಗೆಯಲ್ಲಿ, ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದಾಗ ಊರೆಲ್ಲ ಹೆಮ್ಮೆಪಟ್ಟಿತ್ತು. ನಾನು ಕೇಕ್ ಕತ್ತರಿಸುವ ಮೊದಲೇ ಎದ್ದು ಬಂದೆ. ಮಗಳು ದಾರಿಯುದ್ದಕ್ಕೂ ಅತ್ತಳು; ಅವಳಿಗೆ ಬೇಕಾಗಿದ್ದದ್ದು ಕೇಕ್.

ಶಿರಸಿಯ ತಾಯಿ

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಮಕ್ಕಳು ಅಭಿಮಾನದಿಂದಲೂ ಹಾಗೆ ಉಡಬಹುದಲ್ಲವೇ? ನಮ್ಮಲ್ಲಿ ಬೇಡರ ವೇಷವಿದೆ, ಯಕ್ಷಗಾನದಲ್ಲಿ ಕಿರಾತನ ವೇಷವಿದೆ. ಅವನ್ನು ಯಾರೂ ಅವಮಾನವೆಂದು ಹೇಳುವುದಿಲ್ಲ.

ಅಂಕೋಲೆಯಿಂದ

ಬೇಡರ ವೇಷವನ್ನು ರಾತ್ರಿ ಕುಣಿದು ಬೆಳಿಗ್ಗೆ ಕಳಚಿಡುತ್ತಾರೆ. ನನ್ನ ಅಜ್ಜಿ ತನ್ನ ಉಡುಗೆಯನ್ನು ಎಂದು ಕಳಚಿದ್ದಳು? ಉಡುಗೆಗೂ ವೇಷಕ್ಕೂ ಇರುವ ಅಂತರವನ್ನು ಅಡಿಕೆ ಹಾಳೆಯ ಮೇಲೆ ಬಣ್ಣ ಬಳಿದಷ್ಟು ಸುಲಭವಾಗಿ ಅಳಿಸಬೇಡಿ.

ಕಾರವಾರ ಕೋಡಿಬಾಗದಿಂದ, ಹೊಲಿಗೆ ಕೆಲಸದವಳು

ನಾನು 19 ವರ್ಷದಿಂದ ಹೊಲಿಯುತ್ತಿದ್ದೇನೆ. ಶಿರಸಿಯ ಅಕ್ಕನವರ 250 ರೂಪಾಯಿಯಲ್ಲಿ ಕೂಲಿ ಎಲ್ಲಿದೆ? ಎರಡು ಸಂಜೆಯ ಕೆಲಸಕ್ಕೆ ಬೆಲೆಯಿಲ್ಲವೆಂದು ನೀವೇ ಬರೆದರೆ, ನಾಳೆ ನನ್ನ ಅಂಗಡಿಗೆ ಬರುವವರು ‘ಮನೆಯಲ್ಲೇ 250ಕ್ಕೆ ಆಗುತ್ತದಂತೆ’ ಎಂದು ಚೌಕಾಸಿ ಮಾಡುತ್ತಾರೆ.

ಮತ್ಸ್ಯಕನ್ಯೆಯ ಬಾಲವನ್ನು ಈ ವರ್ಷವೇ ಐದು ಹೊಲಿದಿದ್ದೇನೆ. ಮೊದಲನೆಯದನ್ನು ಚಿತ್ರದಲ್ಲಿದ್ದಂತೆ ಪಾದದವರೆಗೂ ಕೊಳವೆಯಾಗಿ ಹೊಲಿದುಕೊಟ್ಟೆ. ಆ ಮಗು ಸಭಾಂಗಣದ ಮೆಟ್ಟಿಲು ಹತ್ತಲಾಗದೆ ಅಪ್ಪನ ಹೆಗಲ ಮೇಲೆ ಬಂತಂತೆ, ಶೌಚಕ್ಕೆ ಹೋಗುವಾಗ ಹಿಂದಿನ ಜಿಪ್ ಸಿಕ್ಕಿಕೊಂಡು ಬಟ್ಟೆಯನ್ನೇ ಕತ್ತರಿಸಬೇಕಾಯಿತಂತೆ. ಕೂಲಿಯ 350 ರೂಪಾಯಿ ನನಗೆ ಬರಲಿಲ್ಲ. ಆಮೇಲಿನ ನಾಲ್ಕಕ್ಕೂ ಸೊಂಟಕ್ಕೆ ಎಲಾಸ್ಟಿಕ್ ಇಟ್ಟು, ಮೊಣಕಾಲಿನಿಂದ ಕೆಳಗೆ ಹಿಂಭಾಗವನ್ನು ತೆರೆದು, ಒಳಗೆ ಹತ್ತಿಯ ಅಸ್ತರಿ ಕೊಟ್ಟಿದ್ದೇನೆ. ಮಿಣುಕುವ ಬಟ್ಟೆ ಬರಿಮೈಗೆ ತಾಗಿದರೆ ಗೀರುತ್ತದೆ. ಕುಮಟೆಯ ಅಣ್ಣನವರ ಮಗನಿಗೂ ಒಳಗೊಂದು ಹತ್ತಿ ಬನಿಯನ್ ಇದ್ದಿದ್ದರೆ ಅಷ್ಟು ಬಾಧೆಯಾಗುತ್ತಿರಲಿಲ್ಲ.

ನೆಟ್ ಬಟ್ಟೆಯ ತೋಳನ್ನು ಮಾತ್ರ ನಾನು ಯಾರು ಕೇಳಿದರೂ ಅಗಲವಾಗಿ ಹೊಲಿಯುವುದಿಲ್ಲ. ನೆಟ್‌ಗೆ ಬೆಂಕಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಮೇಣದಬತ್ತಿ ಉರಿಯುವಾಗ ಮಕ್ಕಳೆಲ್ಲ ಕೇಕಿನ ಮೇಲೆ ಬಾಗಿರುತ್ತಾರೆ. ಆ ಹೊತ್ತಿಗೇ ದೊಡ್ಡವರು ನೊರೆ ಚಿಮ್ಮಿಸುವ ಡಬ್ಬಿ ಒತ್ತುತ್ತಾರೆ. ಅಂಥ ಡಬ್ಬಿಗಳಲ್ಲಿ ಹೊತ್ತಿಕೊಳ್ಳುವ ಅನಿಲವೂ ಇರುತ್ತದೆ.

ಶಿರಸಿಯ ತಾಯಿ

ನನ್ನ ಮಗನಿಗೆ ನಾನು ಹೊಲಿದರೆ ಅದಕ್ಕೂ ಕೂಲಿ ಬರೆಯಬೇಕೆಂದು ಗೊತ್ತಿರಲಿಲ್ಲ. ಹಾಗಾದರೆ ಒರಳುಗುಂಡಿಗೂ ಬಾಡಿಗೆ ಸೇರಿಸುತ್ತೇನೆ.

ಕೇಳಿದವರು: ಕಾರವಾರದ ತಾಯಿ

ಎಲ್ಲರಿಗೂ ವಂದನೆಗಳು. ನೀವು ಬರೆಯುತ್ತಿರುವಾಗಲೇ ಆ ಮನೆಗೆ ಫೋನ್ ಮಾಡಿದೆ. ‘ಮಗಳಿಗೆ ಬಾಲ ಕಟ್ಟಿದರೆ ಅವಳು ಆಡುವುದೇ ಇಲ್ಲ, ನೀಲಿ ಫ್ರಾಕಿನಲ್ಲಿ ಕಳುಹಿಸಲೇ?’ ಎಂದು ಕೇಳಿದೆ. ಅವರು, ‘ಅಯ್ಯೋ, ಕಾರ್ಡ್ ಮಾಡಿದ್ದು ಬೆಂಗಳೂರಿನಲ್ಲಿರುವ ನಮ್ಮ ನಾದಿನಿ. ನಮ್ಮ ಹುಡುಗಿಗೂ ಬಾಲ ಇನ್ನೂ ಬಂದಿಲ್ಲ’ ಎಂದರು. ಆದರೆ ಫೋನ್ ಇಟ್ಟ ಮೇಲೆ ಮಗಳಿಗೆ ವಿಷಯ ಗೊತ್ತಾಗಿ, ಬಾಲ ಬೇಕೇ ಬೇಕೆಂದು ಹಟ ಹಿಡಿದು ಕುಳಿತಿದ್ದಾಳೆ. ಕೋಡಿಬಾಗದ ಅಕ್ಕ, ಇನ್ನು 10 ದಿನದಲ್ಲಿ ಆಗುತ್ತದೆಯೇ? ಮೂರು ವರ್ಷದವನ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಕೋಡಿಬಾಗದ ಹೊಲಿಗೆಯವಳು

ಬಟ್ಟೆ ನೀವೇ ತಂದುಕೊಟ್ಟರೆ ಆಗುತ್ತದೆ, ಕೂಲಿ 350. ಮುಂಗಡ ಕೊಡಬೇಕು.

ಹೊನ್ನಾವರದ ತಾಯಿ

ಕೋಡಿಬಾಗದವರೇ, ಡಿಸೆಂಬರಿನಲ್ಲಿ ಮಗಳಿಗೆ ಏಳು ತುಂಬುತ್ತದೆ. ಈ ಸಲ 30 ಕೇಪುಗಳನ್ನು ನಾನೇ ಹೊಲಿಸಿ, ಬಂದ ಮಕ್ಕಳಿಗೆ ಬಾಗಿಲಲ್ಲೇ ತೊಡಿಸಬೇಕೆಂದಿದ್ದೇನೆ. ಒಂದಕ್ಕೆ ಎಷ್ಟಾಗುತ್ತದೆ?

ಕುಮಟೆಯ ತಂದೆ

ಮೆರೂನ್ ಬಣ್ಣದಲ್ಲಿ ಹೊಲಿಸಿ.