ಅಪ್‌ಡೇಟ್: ಹೀಟರ್ ರಾಡ್ ಸರಿಯಿದೆ, ಕಡಿಮೆ ಇರುವುದು ವೋಲ್ಟೇಜ್

ಬದಿಯಡ್ಕದ ನಮ್ಮ ಮನೆಯ 1500 ವ್ಯಾಟ್ ಹೀಟರ್ ರಾಡ್ ಸಂಜೆ ನೀರು ಕಾಯಿಸಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ, ಬದಲಿಸಬೇಕೇ ಎಂದು ಕೇಳಿದ್ದೆ. ವೋಲ್ಟೇಜ್, ಕರೆಂಟ್ ಎರಡೂ ಅಳೆಯಿರಿ ಎಂದ ಅಣ್ಣನವರಿಗೆ ದೊಡ್ಡ ನಮಸ್ಕಾರ.

ಗುರ್ತದ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ (ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿದು ಬಂದರು. ಸುತ್ತಲಿನ ಅಡಿಕೆ ತೋಟಗಳಲ್ಲೆಲ್ಲ ಪಂಪ್ ಓಡುವ ಹೊತ್ತು. ರಾಡ್ ಆನ್ ಇರುವಾಗಲೇ ನೋಡಿದರೆ 184 ವೋಲ್ಟ್, 5.2 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರಾಡಿನ ರೆಸಿಸ್ಟೆನ್ಸ್ (ಕರೆಂಟಿಗೆ ಅದು ಒಡ್ಡುವ ತಡೆ) 35.4 ಓಮ್, ಎರಡನ್ನೂ ಗುಣಿಸಿದರೆ ಪವರ್ ಬರೀ 957 ವ್ಯಾಟ್! ಸರಿಯಾಗಿ ಬರಬೇಕಾದ 230 ವೋಲ್ಟಿನ ವರ್ಗವನ್ನು ರಾಡಿನ 1500 ವ್ಯಾಟಿನಿಂದ ಭಾಗಿಸಿದರೂ ಸುಮಾರು 35.3 ಓಮ್. ಅಂದರೆ ರಾಡಿಗೆ ಏನೂ ಆಗಿಲ್ಲ. ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದದ್ದಕ್ಕೇ ಪವರ್ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಗಿದೆ.

ಪಂಪಿಗೆ ಮಾತ್ರ ಇದೇ ಲೆಕ್ಕ ಹಾಕಬೇಡಿ, ಮೋಟರಿಗೆ ಪವರ್ ಫ್ಯಾಕ್ಟರನ್ನೂ (ವೋಲ್ಟ್, ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾದ ಪವರ್ ಎಷ್ಟು ಪಾಲು ಎಂಬುದನ್ನು) ಸೇರಿಸಬೇಕು. ಹೊಸ ರಾಡ್ ತರುತ್ತಿಲ್ಲ. ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ.